ಸಮಸ್ಯಾಪೂರಣ: ಕಲಿಕೆಯ ಸುಖವೂ ಸಂಕಟವೂ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಯ ಸಂಪಾದಕ ಬಳಗದವರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದ್ದಾರೆ. ನೆನಪುಗಳನ್ನು ಬರೆಯುವವರು ಹಲವರಿದ್ದಾರೆ. ನಾನಾದರೋ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಉಪಾಧ್ಯಾಯ ತರಬೇತಿ ಪಡೆದು, ಬದುಕಿನ ಬಹುಭಾಗವನ್ನು ಕರಿಹಲಗೆಯ ಮುಂದೆಯೇ ಕಳೆದವನು. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ಪಾಠ ಹೇಳುವುದೇ ನನಗೆ ಹೊಂದುವ ಕೆಲಸ. ಆದುದರಿಂದ ಈ ಪುಟಗಳಲ್ಲಿ ಒಂದು ಪಾಠವನ್ನೇ ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತರೆಂದು ಭಾವಿಸಿ ಓದಬೇಕಾಗಿ ಕೋರಿಕೆ.

ಶುಕ್ರವಾರದ ಕೊನೆಯ ಅವಧಿಯಲ್ಲಿ ಕರಿಹಲಗೆಯ ಮೇಲೆ ಒಂದೇ ಒಂದು ಸಾಲು ಬರೆದು, ‘ಇದು ಕೊನೆಯ ಸಾಲು, ಮೇಲಿನ ಮೂರನ್ನು ಸೋಮವಾರ ತನ್ನಿ’ ಎಂದು ನಾನು ಹೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದರ ಹೆಸರೇ ಸಮಸ್ಯಾಪೂರಣ. ಪರೀಕ್ಷೆಗೆ ಅದರಿಂದ ಒಂದು ಅಂಕವೂ ಬರುತ್ತಿರಲಿಲ್ಲ. ಆದರೂ ಅದನ್ನು ಏಕೆ ಬಿಡದೆ ನಡೆಸಿದೆವು, ಅದರಲ್ಲಿ ಸುಖವೆಷ್ಟು, ಸಂಕಟವೆಷ್ಟು ಎಂಬುದೇ ಈ ಲೇಖನದ ವಿಷಯ.

ಸಮಸ್ಯೆ ಎಂದರೇನು?

ಇಂದು ‘ಸಮಸ್ಯೆ’ ಎಂದೊಡನೆ ನೀರಿನ ಸಮಸ್ಯೆ, ಬಸ್ಸಿನ ಸಮಸ್ಯೆ ಎಂಬ ಅರ್ಥವೇ ಮನಸ್ಸಿಗೆ ಬರುತ್ತದೆ. ಮೂಲದಲ್ಲಿ ಈ ಪದಕ್ಕೆ ‘ಒಟ್ಟುಗೂಡಿಸುವುದು, ಜೋಡಿಸುವುದು’ ಎಂದು ಅರ್ಥ. ಪದ್ಯದ ಒಂದು ತುಂಡನ್ನು ಒಬ್ಬರು ಕೊಡುತ್ತಾರೆ. ಉಳಿದ ಭಾಗವನ್ನು ಇನ್ನೊಬ್ಬರು ಜೋಡಿಸಿ ಪೂರ್ಣಗೊಳಿಸುತ್ತಾರೆ. ಕೊಟ್ಟ ತುಂಡು ಸಾಮಾನ್ಯವಾಗಿ ಅಸಂಬದ್ಧವಾಗಿಯೋ ಅಸಾಧ್ಯವಾಗಿಯೋ ಕಾಣುತ್ತದೆ. ಅದಕ್ಕೊಂದು ಒಪ್ಪುವ ಅರ್ಥವನ್ನು ಹುಡುಕಿ, ಛಂದಸ್ಸು ಕೆಡದಂತೆ ಹೇಳುವುದೇ ಪೂರಣ.

ಇದು ಬಹು ಹಳೆಯ ವಿದ್ಯೆ. ವಾತ್ಸ್ಯಾಯನನು ಹೇಳಿದ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಕಾವ್ಯ ಸಮಸ್ಯಾಪೂರಣವೂ ಒಂದು. ಭೋಜರಾಜ ಮತ್ತು ಕಾಳಿದಾಸರ ಕಥೆಗಳಲ್ಲಿ, ಅರ್ಥವೇ ಇಲ್ಲದ ಬರಿಯ ಸದ್ದಿನ ಅಕ್ಷರಗಳನ್ನು ಸಮಸ್ಯೆಯಾಗಿ ಕೊಟ್ಟ ಪ್ರಸಂಗವೊಂದು ಪ್ರಚಲಿತವಾಗಿದೆ. ರಾಮನ ಪಟ್ಟಾಭಿಷೇಕಕ್ಕೆ ನೀರು ತರುತ್ತಿದ್ದ ತರುಣಿಯ ಕೈಯಿಂದ ಜಾರಿದ ಹೊನ್ನಿನ ಕೊಡ ಮೆಟ್ಟಿಲುಗಳ ಮೇಲೆ ಉರುಳುತ್ತಾ ಮಾಡಿದ ಸದ್ದು ಅದು ಎಂದು ಕವಿ ಪೂರೈಸಿದನಂತೆ. ಅರ್ಥವಿಲ್ಲದ್ದಕ್ಕೆ ಅರ್ಥ ಕೊಡುವ ಈ ಚಮತ್ಕಾರವೇ ಸಮಸ್ಯಾಪೂರಣದ ಜೀವಾಳ.

ಕನ್ನಡದಲ್ಲಿ ಕಂತಿ ಮತ್ತು ಹಂಪರ ಹೆಸರಿನಲ್ಲಿ ‘ಕಂತಿ ಹಂಪನ ಸಮಸ್ಯೆಗಳು’ ಎಂಬ ಪದ್ಯಗುಚ್ಛವೇ ಇದೆ. ಹಂಪನೆಂದರೆ ಅಭಿನವ ಪಂಪನೆನಿಸಿದ ನಾಗಚಂದ್ರ. ‘ಮಲ್ಲಿನಾಥಪುರಾಣ’ವನ್ನೂ ‘ರಾಮಚಂದ್ರಚರಿತಪುರಾಣ’ವನ್ನೂ ಬರೆದ ಮಹಾಕವಿ. ಅವನು ಸಮಸ್ಯೆ ಕೊಡುವುದು, ಕಂತಿ ಪೂರೈಸುವುದು. ತನ್ನನ್ನು ಎಂದೂ ಹೊಗಳದ ಕಂತಿಯಿಂದ ಹೊಗಳಿಕೆ ಪಡೆಯಲು ಆ ಕವಿಯು ಸತ್ತಂತೆ ನಟಿಸಿದನೆಂಬ ಕಥೆಯೂ ಉಂಟು. ಕಂತಿಯು ಚಾರಿತ್ರಿಕ ವ್ಯಕ್ತಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಕಥೆಯಲ್ಲೊಂದು ಸತ್ಯವಿದೆ: ಸಮಸ್ಯೆ ಕೊಡುವವನ ಮನಸ್ಸಿನಲ್ಲಿ ಪದ್ಯಕ್ಕಿಂತ ಪ್ರಶಂಸೆಯ ಆಸೆ ಹೆಚ್ಚಾದಾಗ ಆಟ ಕೆಡುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಅವಧಾನ ಕಲೆಯಲ್ಲಿ ಸಮಸ್ಯಾಪೂರಣವು ಒಂದು ಮುಖ್ಯ ಅಂಗ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು ನಿಷೇಧಾಕ್ಷರಿ, ದತ್ತಪದಿ, ಸಮಸ್ಯೆ, ಆಶುಕವಿತೆ ಮೊದಲಾದವುಗಳನ್ನು ಒಡ್ಡುತ್ತಾರೆ. ಅವಧಾನಿಯು ಸುತ್ತಿಗೊಂದು ಪಾದದಂತೆ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಪೂರೈಸಬೇಕು. ನಡುನಡುವೆ ಅಪ್ರಸ್ತುತಪ್ರಸಂಗಿಯು ಸಂಬಂಧವಿಲ್ಲದ ಪ್ರಶ್ನೆಗಳನ್ನು ಎಸೆದು ಅವರ ಏಕಾಗ್ರತೆಯನ್ನು ಕದಲಿಸುತ್ತಾನೆ. ನಮ್ಮ ಕಾಲದಲ್ಲಿ ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ತುಂಬಿದವರು ಶತಾವಧಾನಿ ಡಾ. ಆರ್. ಗಣೇಶ್ ಅವರು. ನೂರು ಪೃಚ್ಛಕರ ಶತಾವಧಾನವನ್ನು ಅವರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಕಾಲ ಕನ್ನಡದಲ್ಲಿಯೇ ನಡೆಸಿದರು.

ನೆರೆಹೊರೆಯ ನುಡಿಗಳಲ್ಲಿ

ನಾವಿರುವುದು ಮೂರು ನುಡಿಗಳು ಕೂಡುವ ನೆಲ. ಹೊಸೂರು, ಡೆಂಕಣಿಕೋಟೆ, ಧರ್ಮಪುರಿ, ಸೇಲಂ ಭಾಗದ ಕನ್ನಡ ಮನೆಯ ಮಗುವಿಗೆ ತಮಿಳು ಬೀದಿಯ ಭಾಷೆ. ಹಲವೆಡೆ ತೆಲುಗು ಪಕ್ಕದ ಮನೆಯ ಭಾಷೆ. ಈ ಮೂರೂ ನುಡಿಗಳು ಈ ಆಟವನ್ನು ಬಲ್ಲವು. ತಮಿಳಿನಲ್ಲಿ ‘ಈಟ್ರಡಿ’ ಎಂದರೆ ಕೊನೆಯ ಸಾಲನ್ನು ಕೊಟ್ಟು ವೆಣ್ಬಾ ಪದ್ಯವನ್ನು ಪೂರೈಸಲು ಹೇಳುವ ವಾಡಿಕೆಯುಂಟು. ಅಲ್ಲಿನ ಶತಾವಧಾನಿಗಳಲ್ಲಿ ಕನ್ಯಾಕುಮಾರಿಯ ಕಡೆಯ ಸೆಯ್ಗು ತಂಬಿ ಪಾವಲರ್ ಅವರ ಹೆಸರು ಪ್ರಸಿದ್ಧ. ಇಸ್ಲಾಂ ಮತದಲ್ಲಿ ಹುಟ್ಟಿ ತಮಿಳು ಕಾವ್ಯದಲ್ಲಿ ಪಾರಂಗತರಾದ ಆ ಮಹನೀಯರು 1907ರಲ್ಲಿ ಮದರಾಸಿನಲ್ಲಿ ಶತಾವಧಾನ ಮಾಡಿದರು. ತೆಲುಗಿನಲ್ಲಿ ತಿರುಪತಿ ವೇಂಕಟ ಕವಿಗಳೆಂಬ ಜೋಡಿ ಊರೂರು ತಿರುಗಿ ಅವಧಾನವನ್ನು ಜನಪ್ರಿಯಗೊಳಿಸಿತು. ಆಕಾಶವಾಣಿಯ ತೆಲುಗು ಸಮಸ್ಯಾಪೂರಣ ಕಾರ್ಯಕ್ರಮಕ್ಕೆ ಶ್ರೋತೃಗಳು ಕಾದು ಕುಳಿತು ಪದ್ಯ ಕಳುಹಿಸುತ್ತಿದ್ದರು.

ಇನ್ನೊಂದು ಸ್ವಾರಸ್ಯವಿದೆ. ನಾವು ‘ಆದಿಪ್ರಾಸ’ ಎನ್ನುವ, ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ನಿಯಮವನ್ನು ತಮಿಳರು ‘ಎದುಗೈ’ ಎನ್ನುತ್ತಾರೆ. ತೆಲುಗರು ‘ಪ್ರಾಸ’ವೆಂದೇ ಕರೆಯುತ್ತಾರೆ. ತಮಿಳು ತರಗತಿಯಲ್ಲಿ ಎದುಗೈ ಕಲಿತ ಮಗು ಕನ್ನಡ ತರಗತಿಗೆ ಬಂದಾಗ ಅದೇ ನಂಟನನ್ನು ಬೇರೆ ಅಂಗಿಯಲ್ಲಿ ಕಾಣುತ್ತದೆ. ಒಂದು ನುಡಿಯ ಕಲಿಕೆ ಇನ್ನೊಂದಕ್ಕೆ ಅಡ್ಡಿಯೆಂದು ಹೇಳುವವರು ಇದನ್ನು ಗಮನಿಸಬೇಕು.

ಆಟಕ್ಕೆ ಬೇಕಾದ ಸಲಕರಣೆ

ಮಹಾಕಾವ್ಯಕ್ಕೆ ಬೇಕಾದಷ್ಟು ಛಂದಸ್ಸು ಇದಕ್ಕೆ ಬೇಡ. ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದುದು ಎರಡೇ ನಿಯಮ.

ಒಂದು, ಮಾತ್ರೆಯ ಎಣಿಕೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ವ್ಯಂಜನದಲ್ಲಿ ನಿಲ್ಲುವ ಅಕ್ಷರ ಇವುಗಳಿಗೆ ಎರಡು ಮಾತ್ರೆ; ಅವು ಗುರು. ನಾಲ್ಕು ಮಾತ್ರೆಗೆ ಒಂದು ಗಣ, ಸಾಲಿಗೆ ನಾಲ್ಕು ಗಣ. ಅಂದರೆ ಸಾಲಿಗೆ ಹದಿನಾರು ಮಾತ್ರೆ. ಬೆರಳು ಮಡಿಸಿ ಎಣಿಸಬಹುದು. ಚಪ್ಪಾಳೆ ತಟ್ಟಿಯೂ ಎಣಿಸಬಹುದು.

ಎರಡು, ಆದಿಪ್ರಾಸ. ಕೊಟ್ಟ ಸಾಲಿನ ಎರಡನೆಯ ಅಕ್ಷರದಲ್ಲಿ ಯಾವ ವ್ಯಂಜನವಿದೆಯೋ ಅದೇ ಉಳಿದ ಮೂರು ಸಾಲುಗಳಲ್ಲೂ ಬರಬೇಕು. ಮೊದಲಕ್ಷರ ಗುರುವಾದರೆ ಎಲ್ಲೆಡೆಯೂ ಗುರು, ಲಘುವಾದರೆ ಎಲ್ಲೆಡೆಯೂ ಲಘು.

ಇಷ್ಟು ಕೈವಶವಾದವರು ಮುಂದೆ ಕಂದಪದ್ಯಕ್ಕೆ ಹೋಗಬಹುದು. ಅದರಲ್ಲಿ 12, 20, 12, 20ರಂತೆ ಒಟ್ಟು 64 ಮಾತ್ರೆಗಳು. ಜಗಣ ಎಲ್ಲಿ ಬರಬಾರದು, ಎಲ್ಲಿ ಬರಬಹುದು ಎಂಬ ಕಟ್ಟಳೆ ಬೇರೆ. ಭಾಮಿನಿ ಷಟ್ಪದಿಗೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳ ಓಟ ತಿಳಿದಿರಬೇಕು. ಹತ್ತನೆಯ ಶತಮಾನದ ನಾಗವರ್ಮನು ತನ್ನ ‘ಛಂದೋಂಬುಧಿ’ಯನ್ನು ಹೆಂಡತಿಗೆ ಹೇಳುವಂತೆ ರಚಿಸಿದ್ದಾನೆ. ಛಂದಸ್ಸು ಮನೆಮಾತಿನಲ್ಲಿ ಹೇಳಿಕೊಡಬಹುದಾದ ವಿದ್ಯೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಿಡಿಸುವ ದಾರಿಗಳು

ಸಮಸ್ಯೆಯನ್ನು ಬಿಡಿಸಲು ಹಲವು ದಾರಿಗಳಿವೆ. ಶಾಲೆಯ ಮಟ್ಟಕ್ಕೆ ಮೂರು ಸಾಕು.

ಮೊದಲನೆಯದು, ಪದವನ್ನು ಒಡೆಯುವ ಅಥವಾ ಕೂಡಿಸುವ ದಾರಿ. ಒಮ್ಮೆ ಕೊಟ್ಟ ಸಮಸ್ಯೆ ಹೀಗಿತ್ತು: ‘ಗುರುಗಳ ಕತ್ತರಿಸುವುದೇ ಕ್ಷೇಮವು.’ ತರಗತಿಯಲ್ಲಿ ನಗುವೋ ನಗು. ಮೇಲ್ನೋಟಕ್ಕೆ ಘೋರವಾದ ಮಾತು. ಪೂರಣ ಹೀಗೆ:

ಇರುವುದು ಕೊಳೆಯದು ಬೆರಳಿನ ತುದಿಯಲಿ,
ಬೆರೆವುದು ಅನ್ನದ ತುತ್ತಿನ ಜೊತೆಯಲಿ;
ಮರೆಯದೆ ವಾರಕ್ಕೊಮ್ಮೆಯೆ ಮಕ್ಕಳು-
ಗುರುಗಳ ಕತ್ತರಿಸುವುದೇ ಕ್ಷೇಮವು.

‘ಮಕ್ಕಳ ಉಗುರುಗಳು’ ಸಂಧಿಯಾಗಿ ‘ಮಕ್ಕಳುಗುರುಗಳು’ ಆಯಿತು, ಗುರುಗಳು ಬದುಕಿಕೊಂಡರು! ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ವ್ಯಾಕರಣ ಪುಸ್ತಕದಲ್ಲಿ ಕಂಡಿಲ್ಲ. ಅಂದು ಕಲಿತ ಸಂಧಿಯನ್ನು ಆ ತರಗತಿಯವರು ಮರೆತಿರಲಾರರು.

ಎರಡನೆಯದು, ಸಂದರ್ಭವನ್ನು ಕಲ್ಪಿಸುವ ದಾರಿ. ಅಸಾಧ್ಯವಾದುದು ಕನಸಿನಲ್ಲೋ ನಾಟಕದಲ್ಲೋ ಚಿತ್ರದಲ್ಲೋ ಸಾಧ್ಯವಾಗುತ್ತದೆ. ‘ನೀರಿಲ್ಲದ ಹೊಳೆ ಊರನು ನುಂಗಿತು’ ಎಂಬ ಸಮಸ್ಯೆಗೆ ಬಂದ ಒಂದು ಪೂರಣ:

ದೂರದ ಊರಿನ ಪಟವನು ಬರೆಯಲು
ಜಾರಿದ ಮಸಿ ಹೊಳೆಯಂತೆಯೆ ಹರಿಯಿತು;
ಯಾರೂ ಬೆದರದೆ ನಗುನಗುತಿದ್ದರು,
ನೀರಿಲ್ಲದ ಹೊಳೆ ಊರನು ನುಂಗಿತು.

ಮೂರನೆಯದು, ಲಕ್ಷಣಾರ್ಥದ ದಾರಿ. ಇದು ಎಲ್ಲಕ್ಕಿಂತ ಕಷ್ಟ. ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಇದೇ. ಇಲ್ಲಿ ಪದಗಳು ಇದ್ದಂತೆಯೇ ಇರುತ್ತವೆ. ಅರ್ಥ ಮಾತ್ರ ಒಳಗಿನಿಂದ ಬೆಳೆಯುತ್ತದೆ. ಅದೇ ಸಮಸ್ಯೆಗೆ ಇನ್ನೊಬ್ಬನ ಪೂರಣ:

ಏರಿಯ ಬೇಲಿಯ ಗಿಡಗಳು ಒಣಗಿರೆ
ಬೇರೆಡೆ ಕೂಲಿಗೆ ನಡೆದರು ಜನಗಳು;
ಕೇರಿಯ ಕದಗಳು ಬೀಗವ ಕಂಡವು,
ನೀರಿಲ್ಲದ ಹೊಳೆ ಊರನು ನುಂಗಿತು.

ನಮ್ಮ ಒಣಭೂಮಿಯಿಂದ ಬೆಂಗಳೂರಿಗೋ ತಿರುಪ್ಪೂರಿಗೋ ಕೂಲಿಗೆ ಹೋದ ಕುಟುಂಬಗಳನ್ನು ಕಂಡ ಹುಡುಗನಿಗೆ ಈ ಅರ್ಥ ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ಅದೇ ಸೋಮವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಓದಿದ ಪದ್ಯ ಇದು:

ಸೇರಿದ ಕೂಲಿಯು ಹೆಂಡಕೆ ಹೋಯಿತು,
ದಾರಿಯ ನೋಡುವ ಮಕ್ಕಳು ಹಸಿದರು;
ಯಾರಿಗು ತಿಳಿಯದೆ ಮನೆಮನೆ ಮುಳುಗಲು
ನೀರಿಲ್ಲದ ಹೊಳೆ ಊರನು ನುಂಗಿತು.

ತರಗತಿ ಸ್ತಬ್ಧವಾಯಿತು. ‘ನಿಮ್ಮ ಊರಿನ ಕಷ್ಟಗಳನ್ನು ಕುರಿತು ಪ್ರಬಂಧ ಬರೆಯಿರಿ’ ಎಂದಿದ್ದರೆ ಆ ಮಗು ಇದನ್ನು ಬರೆಯುತ್ತಿರಲಿಲ್ಲ, ಬರೆಯಲು ಅಂಜುತ್ತಿತ್ತು. ಸಮಸ್ಯೆಯ ಸಾಲು ಬೇರೆಯವರದು ಎಂಬ ಮರೆಯಿದ್ದುದರಿಂದ ಮನದ ಮಾತು ಹೊರಗೆ ಬಂದಿತು.

ದತ್ತಪದಿ

ದತ್ತಪದಿಯಲ್ಲಿ ನಾಲ್ಕು ಪದಗಳನ್ನು ಕೊಟ್ಟು, ಅವುಗಳ ನಿಜವಾದ ಅರ್ಥವನ್ನು ಬಿಟ್ಟು ಬೇರೊಂದು ವಿಷಯದ ಪದ್ಯದಲ್ಲಿ ಅಡಗಿಸಲು ಹೇಳುತ್ತಾರೆ. ನಮ್ಮ ಹೊಲಗಳ ಧಾನ್ಯಗಳನ್ನೇ ತೆಗೆದುಕೊಳ್ಳೋಣ: ಅವರೆ, ಕಡಲೆ, ಹುರುಳಿ, ರಾಗಿ. ವಿಷಯ: ಗುರುಸ್ಮರಣೆ.

ಅವರೆನಗರಿವಿನ ಕಡಲೆನಿಸಿರುವರು;
ಸವಿನುಡಿಯಾಡುತ ಹುರುಳಿನ ಪಾಠವ
ಕಿವಿಯಲಿ ಬಿತ್ತಿದ ದಿನದಿಂದೆನ್ನೊಳು
ಕವಿದಿಹ ಕತ್ತಲೆ ದೂರಾಗಿರುವುದು.

‘ಅವರು ಎನಗೆ’ ಎಂಬಲ್ಲಿ ಅವರೆ, ‘ಕಡಲು ಎನಿಸಿ’ ಎಂಬಲ್ಲಿ ಕಡಲೆ, ‘ಹುರುಳಿನ’ ಎಂಬಲ್ಲಿ ಹುರುಳಿ, ‘ದೂರಾಗಿ’ ಎಂಬಲ್ಲಿ ರಾಗಿ. ಅಡುಗೆಮನೆಯ ಡಬ್ಬಿಗಳೆಲ್ಲ ಪದ್ಯದೊಳಗೆ ಬಂದು ಕುಳಿತವು! ಚಿಕ್ಕ ಮಕ್ಕಳಿಗೆ ಪದ್ಯ ಬರೆಯುವುದಕ್ಕಿಂತ ಹೀಗೆ ಅಡಗಿದ ಪದಗಳನ್ನು ಹುಡುಕುವುದೇ ಹೆಚ್ಚು ಪ್ರಿಯ.

ಸುಖಗಳು

ಈ ಆಟದ ಮೊದಲ ಸುಖವೆಂದರೆ ಬಿಳಿಯ ಹಾಳೆಯ ಭಯವಿಲ್ಲ. ‘ಏನಾದರೂ ಬರೆ’ ಎಂದರೆ ಮಕ್ಕಳಿಗೆ ಏನೂ ತೋಚುವುದಿಲ್ಲ. ‘ಈ ಸಾಲಿಗೆ ಬಂದು ಸೇರು’ ಎಂದರೆ ದಾರಿ ಹುಡುಕಲು ತೊಡಗುತ್ತಾರೆ. ಕಟ್ಟುಪಾಡು ಇಲ್ಲಿ ಊರುಗೋಲಿನ ಕೆಲಸ ಮಾಡುತ್ತದೆ.

ಎರಡನೆಯ ಸುಖ, ಒಂದೇ ಬಾಗಿಲಿಗೆ ಹತ್ತು ಬೀಗದ ಕೈಗಳನ್ನು ಕಾಣುವುದು. ಗಣಿತದಲ್ಲಿ ಉತ್ತರ ಒಂದೇ. ಇಲ್ಲಿ ಪಕ್ಕದಲ್ಲಿ ಕುಳಿತವನು ತಾನು ಕನಸಿನಲ್ಲೂ ನೆನೆಯದ ದಾರಿಯಿಂದ ಅದೇ ಸಾಲಿಗೆ ಬಂದು ಮುಟ್ಟಿರುತ್ತಾನೆ. ಒಬ್ಬರ ಜಾಣ್ಮೆಗೆ ಇನ್ನೊಬ್ಬರು ಹೊಟ್ಟೆ ತುಂಬ ಸಂತೋಷಪಡುವುದನ್ನು ಮಕ್ಕಳು ಕಲಿಯುವುದು ಇಲ್ಲಿಯೇ.

ಮೂರನೆಯದು, ಸಮಾನತೆ. ಇದಕ್ಕೆ ಉಪಕರಣ ಬೇಡ, ಹಣ ಬೇಡ. ದೇವಾಂಗ ನೇಕಾರರ ಮನೆಯ ಮಗು ಮಗ್ಗದ ಸದ್ದಿನ ತಾಳಕ್ಕೆ ಮಾತ್ರೆ ಎಣಿಸುತ್ತದೆ. ಒಕ್ಕಲಿನ ಮನೆಯದು ಕೊಟ್ಟಿಗೆಯ ಕೆಲಸದ ನಡುವೆ ಪ್ರಾಸ ಹುಡುಕುತ್ತದೆ. ಕಾವ್ಯವನ್ನು ಓದಿ ಅಭ್ಯಾಸ ಮಾಡದವರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ಜನರನ್ನು ಕೊಂಡಾಡಿದೆ. ಆ ಮಾತು ಬರಿಯ ಹೊಗಳಿಕೆಯಲ್ಲವೆಂದು ಉಪಾಧ್ಯಾಯನಾಗಿ ನಾನು ಬಲ್ಲೆ.

ನಾಲ್ಕನೆಯದು ಎಲ್ಲಕ್ಕಿಂತ ಮಿಗಿಲಾದುದು: ಪದಗಳ ಬೇಟೆ. ‘ರ’ ಪ್ರಾಸಕ್ಕೆ ಪದ ಸಿಗದ ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳುತ್ತದೆ. ಅಜ್ಜಿ ಏರಿ, ಕೇರಿ, ತೇರು, ಬೇರು, ಜೀರಿಗೆ ಎನ್ನುತ್ತಾಳೆ. ಮಗು ಎಂದೂ ಕೇಳದ ಹಳೆಯ ಮಾತೊಂದನ್ನೂ ಸೇರಿಸುತ್ತಾಳೆ. ಶಾಲೆಗೆ ಹೋಗದ ಹೆಂಗಸು ಒಂದು ಸಂಜೆಯ ಮಟ್ಟಿಗೆ ಮನೆಯ ನಿಘಂಟಾಗುತ್ತಾಳೆ.

ಸಂಕಟಗಳು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಪಾಠವನ್ನು ಮಾತ್ರ ಹೇಳಿದಂತಾಗುತ್ತದೆ. ಈ ಆಟದ ಸಂಕಟಗಳೂ ಕಡಮೆಯಲ್ಲ.

ಮೊದಲನೆಯದು, ಪಾದಪೂರಣದ ಪಿಡುಗು. ಎರಡು ಮಾತ್ರೆ ಕಡಮೆಯಾಯಿತೆಂದು ‘ತಾನು’, ‘ಐ’, ‘ಬಹಳ’ ಎಂಬ ಹೊಟ್ಟನ್ನು ತುಂಬುವುದು. ಪದ್ಯವೇನೋ ನಿಲ್ಲುತ್ತದೆ, ಕಾಳು ಇರುವುದಿಲ್ಲ.

ಎರಡನೆಯದು, ಒಳ್ಳೆಯ ವಿಚಾರವನ್ನು ಪ್ರಾಸಕ್ಕಾಗಿ ಬಲಿಕೊಡುವುದು. ಹೇಳಬೇಕೆಂದದ್ದು ಒಂದು, ಪ್ರಾಸ ಹೇಳಿಸಿದ್ದು ಇನ್ನೊಂದು. ಈ ಸಂಕಟ ದೊಡ್ಡ ಕವಿಗಳನ್ನೂ ಬಿಟ್ಟಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ತ್ಯಜಿಸಿ ಬರೆಯತೊಡಗಿದಾಗ ಸಂಪ್ರದಾಯಸ್ಥರು ಹುಬ್ಬೇರಿಸಿದರು. ಮುಂದೆ ಹೊಸಗನ್ನಡ ಕಾವ್ಯವೆಲ್ಲ ಆ ದಾರಿಯಲ್ಲಿ ನಡೆಯಿತು. ಅವರೂ ನಮ್ಮಂತೆ ಗಡಿನಾಡಿನವರು. 1956ರವರೆಗೆ ಅವರ ಊರೂ ನಮ್ಮ ಜಿಲ್ಲೆಗಳೂ ಒಂದೇ ಮದರಾಸು ಆಡಳಿತದಲ್ಲಿದ್ದವು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಗೌರವವಿತ್ತುದೂ ಮದರಾಸು ಸರ್ಕಾರವೇ. ಆದರೆ ಒಂದು ಮಾತನ್ನು ಮರೆಯಬಾರದು: ಪೈಗಳು ಪ್ರಾಸವನ್ನು ಬಿಟ್ಟದ್ದು ಅದು ಕೈಗೆ ಬಾರದೆ ಅಲ್ಲ. ಬಲ್ಲವನು ಬಿಡುವುದು ತ್ಯಾಗ. ಅರಿಯದವನು ಬಿಡುವುದು ಕೊರತೆ. ಮಕ್ಕಳಿಗೆ ಮೊದಲು ಕೊಡಬೇಕಾದುದು ಬಲ್ಲತನ.

ಮೂರನೆಯದು, ಕೊಟ್ಟ ಸಮಸ್ಯೆಯೇ ಕೆಟ್ಟದಾಗಿರುವುದು. ಅಶ್ಲೀಲವಾದ, ಜಾತಿ ಮತಗಳನ್ನು ಚುಚ್ಚುವ, ಅಥವಾ ಬಿಡಿಸುವವರನ್ನು ಕೆಡವಲೆಂದೇ ಹೂಡಿದ ಸಮಸ್ಯೆಗಳಿರುತ್ತವೆ. ಹಂಪನ ಕಥೆಯಲ್ಲಿ ಕಂಡ ಅಹಂಕಾರ ಇದೇ. ಕೊಡುವವನು ತಾನು ಒಮ್ಮೆಯಾದರೂ ಬಿಡಿಸಿ ನೋಡದೆ ಕೊಡಬಾರದು.

ನಾಲ್ಕನೆಯದು, ತೀರ್ಪಿನ ಸಂಕಟ. ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಹೊರಊರಿನ ಒಂದು ಸ್ಪರ್ಧೆಗೆ ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಸಮಸ್ಯೆ: ‘ಕಲ್ಲೇ ಕರಗಿತು, ಬೆಣ್ಣೆಯು ಕರಗದು.’ ಹಲವರು ಕಲ್ಲುಸಕ್ಕರೆಯನ್ನೋ ಕಲ್ಲುಪ್ಪನ್ನೋ ಕರಗಿಸಿ ಕೂತರು. ನಮ್ಮ ಹುಡುಗಿ ಬರೆದದ್ದು ಹೀಗೆ:

ನೆಲ್ಲಿನ ಸಾಲವ ಕೇಳಲು ಹೋದೆನು,
ಬೆಲ್ಲದ ಮಾತಿನ ಧಣಿಯಿಲ್ಲೆಂದನು;
ಹಲ್ಲನು ಕಡಿಯುವ ನೆರೆಯವ ಕೊಟ್ಟನು,
ಕಲ್ಲೇ ಕರಗಿತು, ಬೆಣ್ಣೆಯು ಕರಗದು.

ಒರಟು ನೆರೆಯವನು ಕಲ್ಲು. ನಯದ ಮಾತಿನ ಧಣಿ ಬೆಣ್ಣೆ. ಹದಿಮೂರು ವರ್ಷದ ಮಗುವಿನ ಲೋಕಾನುಭವ ನೋಡಿ! ತೀರ್ಪುಗಾರರು ‘ನೆಲ್ಲು’ ಎಂಬ ಪದಕ್ಕೆ ಕೆಂಪು ಗೆರೆ ಎಳೆದು, ‘ಇದು ತಮಿಳು ಪದ, ಭತ್ತ ಎಂದಿರಬೇಕಿತ್ತು’ ಎಂದು ಪಕ್ಕದಲ್ಲಿ ಬರೆದರು. ಬಹುಮಾನ ಬರಲಿಲ್ಲ. ನೆಲ್ ಎಂಬುದು ಹಳಗನ್ನಡದ ಅಚ್ಚ ಪದ. ಕಿಟ್ಟೆಲರ 1894ರ ನಿಘಂಟಿನಲ್ಲಿಯೂ ಇದೆ. ಮೈಸೂರು, ಚಾಮರಾಜನಗರಗಳ ಕಡೆಯ ಒಕ್ಕಲಿಗರ ಬಾಯಲ್ಲಿಯೂ ಉಳಿದಿದೆ. ತಮಿಳಿನಲ್ಲಿ ಅದು ಇರುವುದು ಎರಡೂ ನುಡಿಗಳು ಒಂದೇ ತಾಯಿಯ ಮಕ್ಕಳಾದುದರಿಂದ. ‘ಭತ್ತ’ ಎಂದು ತಿದ್ದಿದರೆ ಪ್ರಾಸವೂ ಹೋಗುತ್ತದೆ, ಅಜ್ಜಿಯಿಂದ ಬಂದ ಪದವೂ ಹೋಗುತ್ತದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಗು ಕೇಳಿದ ಪ್ರಶ್ನೆ: ‘ಸಾರ್, ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡ ಅಲ್ಲವಾ?’ ಬಹುಮಾನ ತಪ್ಪಿದ್ದು ಸಣ್ಣ ಮಾತು. ಗಡಿನಾಡಿನ ಮಗುವಿನ ಬಾಯಿಂದ ಈ ಪ್ರಶ್ನೆ ಬಂದರೆ ಅದು ದೊಡ್ಡ ಮಾತು. ಹೊಲದಲ್ಲಿ ಉಳಿದ ಹಳೆಯ ಪದವನ್ನು ಪರಕೀಯವೆಂದು ಹೊರಗೆ ತಳ್ಳಿದರೆ, ಪದದೊಡನೆ ಆಡುವವರೂ ಹೊರಗೆ ಹೋಗುತ್ತಾರೆ. ಮರುದಿನ ನಿಘಂಟನ್ನು ತರಗತಿಗೆ ತಂದು, ಆ ಪದವಿರುವ ಪುಟವನ್ನು ಅವಳಿಂದಲೇ ಎಲ್ಲರಿಗೂ ಓದಿಸಿದೆ.

ಐದನೆಯ ಸಂಕಟ, ಆಟವನ್ನೇ ಕಾವ್ಯವೆಂದು ತಿಳಿಯುವುದು. ಚಮತ್ಕಾರ ಬೇರೆ, ಕಾವ್ಯ ಬೇರೆ. ಉಗುರಿನ ಪದ್ಯವು ಜಾಣತನ. ನೀರಿಲ್ಲದ ಹೊಳೆಯ ಕೊನೆಯ ಎರಡು ಪದ್ಯಗಳಲ್ಲಿ ಜಾಣತನವನ್ನು ದಾಟಿದ ಏನೋ ಇದೆ. ಆ ‘ಏನೋ’ ಬರುವುದು ನೂರಕ್ಕೊಮ್ಮೆ. ಉಳಿದ ತೊಂಬತ್ತೊಂಬತ್ತು ಬರಿಯ ಸಾಮು. ಸಾಮು ಮಾಡದ ತೋಳಿಗೆ ಭಾರ ಬಂದಾಗ ಎತ್ತುವ ಶಕ್ತಿಯಿರುವುದಿಲ್ಲ ಎಂಬುದಷ್ಟೇ ಅದರ ಸಮರ್ಥನೆ.

ಸಮಸ್ಯೆ ಕೊಡುವವರಿಗೆ ಕೆಲವು ಸೂಚನೆಗಳು

ಇಂದಿನ ಉಪಾಧ್ಯಾಯರಿಗೂ ತಂದೆತಾಯಿಯರಿಗೂ ನೆರವಾಗಲೆಂದು ಅನುಭವದಿಂದ ಕಂಡ ಕೆಲವು ಅಂಶಗಳನ್ನು ಕೆಳಗೆ ಕೊಟ್ಟಿದ್ದೇನೆ.

1. ಮೊದಲ ತಿಂಗಳು ಪ್ರಾಸ ಮಾತ್ರ ಇರಲಿ. ಮಾತ್ರೆಯ ಎಣಿಕೆಯನ್ನು ಎರಡನೆಯ ತಿಂಗಳು ಸೇರಿಸಿರಿ.

2. ರ, ಲ, ಳ, ಡ, ಗ ಮೊದಲಾದ ಸುಲಭ ಪ್ರಾಸಗಳಿಂದ ಆರಂಭಿಸಿರಿ. ಒತ್ತಕ್ಷರದ ಪ್ರಾಸಗಳು ಅನಂತರ ಬರಲಿ.

3. ಸಮಸ್ಯೆಯ ವಸ್ತು ಮಗುವಿನ ಕಣ್ಣಿಗೆ ಬಿದ್ದದ್ದಾಗಿರಲಿ: ಹೊಳೆ, ಹೊಲ, ಸಂತೆ, ಬಸ್ಸು, ಮಾವು, ಹುಣಿಸೆ.

4. ಮೂರು ಸಾಲು ಬಾರದವರು ಒಂದೇ ಸಾಲು ತಂದರೂ ಸ್ವೀಕರಿಸಿರಿ. ಇಬ್ಬರು ಮೂವರು ಸೇರಿ ಪೂರೈಸಲಿ.

5. ತಪ್ಪನ್ನು ತಿದ್ದುವಾಗ ಕಾರಣವನ್ನು ಹೇಳಿರಿ. ಕಾರಣ ಹೇಳದ ಕೆಂಪು ಗೆರೆ ಬಡಿಗೋಲಿಗಿಂತ ಕೆಟ್ಟದು. ಮನೆಮಾತಿನ ಪದ ಬಂದರೆ ನಿಘಂಟು ನೋಡದೆ ಹೊಡೆದುಹಾಕಬೇಡಿರಿ.

6. ಬಹುಮಾನಕ್ಕಿಂತ ಓದಿಸುವುದು ಮುಖ್ಯ. ಬರೆದದ್ದನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿದ ಮಗು ಮತ್ತೆ ಬರೆಯುತ್ತದೆ.

ಗಡಿನಾಡಿಗೆ ಇದರಿಂದೇನು?

ಈ ನೆಲದಲ್ಲಿ ಕನ್ನಡ ಹೊಸದಾಗಿ ಬಂದದ್ದಲ್ಲ. ತಗಡೂರು ಎನಿಸಿದ ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ದೊರೆತಿವೆ. ಹೊಗೇನಕಲ್ ಎಂಬ ಹೆಸರಿನಲ್ಲಿ ಹೊಗೆಯೂ ಕಲ್ಲೂ ಇಂದಿಗೂ ಕನ್ನಡದಲ್ಲಿಯೇ ಮಾತನಾಡುತ್ತವೆ. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು; 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಗೆರೆಗಳು ಬದಲಾದರೂ ಮನೆಗಳ ಮಾತು ಉಳಿಯಿತು.

ಮಾತು ಉಳಿದರೆ ಸಾಲದು, ಬರಹವೂ ಉಳಿಯಬೇಕು. 2006ರ ತಮಿಳು ಕಲಿಕೆಯ ಕಾಯಿದೆಯ ಅನಂತರ ಒಂದನೆಯ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ತಮಿಳು ನಮಗೆ ಅನ್ನ ಕೊಡುವ ನುಡಿ, ಸಂಪನ್ನ ನುಡಿ. ಅದನ್ನು ಚೆನ್ನಾಗಿ ಕಲಿಯಲೇಬೇಕು. ಇಂಗ್ಲಿಷ್ ಉದ್ಯೋಗದ ನುಡಿ, ಅದೂ ಬೇಕು. ಹೀಗಿರುವಾಗ ಕನ್ನಡಕ್ಕೆ ಉಳಿಯುವ ಸಮಯ ಕಿರಿದು. ಆ ಕಿರಿದಾದ ಸಮಯವನ್ನು ಪ್ರಶ್ನೋತ್ತರಗಳ ಬಾಯಿಪಾಠದಲ್ಲಿ ಕಳೆದರೆ ಕನ್ನಡವು ಮಗುವಿಗೆ ಇನ್ನೊಂದು ಹೊರೆಯಾಗುತ್ತದೆ. ಛಂದಸ್ಸನ್ನೂ ನಾವು ಹಾಗೆಯೇ ಕಲಿಸುತ್ತೇವೆ: ಬೇರೆಯವರ ಸಾಲಿಗೆ ಪ್ರಸ್ತಾರ ಹಾಕಿ ಗಣ ವಿಭಾಗಿಸುವುದು. ದಡದಲ್ಲಿ ನಿಂತು ಈಜು ಕಲಿತಂತೆ! ಒಂದು ಸಾಲನ್ನು ತಾನೇ ಕಟ್ಟಿದ ಮಗುವಿಗೆ ಭಾಷೆ ತನ್ನದೆನಿಸುತ್ತದೆ.

ಸಮಸ್ಯಾಪೂರಣದ ಸುಖವೂ ಸಂಕಟವೂ ಬೇರೆ ಬೇರೆಯಲ್ಲವೆಂಬುದೇ ನನ್ನ ಇಷ್ಟು ವರ್ಷಗಳ ಅನುಭವದ ಸಾರ. ಪದ ಸಿಗದ ಸಂಕಟವೇ ಮಗುವನ್ನು ಅಜ್ಜಿಯ ಬಳಿಗೆ ಕಳುಹಿಸುತ್ತದೆ. ಸುಲಭವಾಗಿದ್ದರೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನೆಲ್ಲು, ಏರಿ, ಹುರುಳುಗಳು ಅಜ್ಜಿಯರೊಡನೆಯೇ ಮರೆಯಾಗುತ್ತಿದ್ದವು.

ಓದುಗರಿಗೆ ಅಭ್ಯಾಸ

ಪಾಠ ಮುಗಿದ ಮೇಲೆ ಮನೆಗೆಲಸ ಕೊಡದ ಉಪಾಧ್ಯಾಯನಿಲ್ಲ. ಹಳೆಯ ವಿದ್ಯಾರ್ಥಿಗಳು ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಇದರಿಂದ ವಿನಾಯಿತಿ ಇಲ್ಲ. ಸಾಲಿಗೆ ಹದಿನಾರು ಮಾತ್ರೆ, ಪ್ರಾಸ ಕಡ್ಡಾಯ.

ಅ) ದೀಪವ ಹಚ್ಚಲು ಕತ್ತಲೆಯಾಯಿತು.

ಆ) ಓದಿದ ಹುಡುಗನು ಅಕ್ಷರವರಿಯನು.

ಇ) ಬಾಗಿಲ ಮುಚ್ಚಲು ಮನೆಯೇ ತೆರೆಯಿತು.

ಈ) ದತ್ತಪದಿ: ಹಸು, ಕುರಿ, ಕರಿ, ನರಿ. ವಿಷಯ: ನಮ್ಮ ಶಾಲೆ. (‘ಜನರಿಗೆ’ ಎಂಬಲ್ಲಿ ಒಂದು ನರಿ ಅಡಗಿದೆ, ಉಳಿದವನ್ನು ನೀವೇ ಹುಡುಕಿರಿ.)

ಪೂರೈಸಿದ ಪದ್ಯಗಳನ್ನು ಅಂಚೆಯಲ್ಲಾಗಲಿ ಕೈಯಲ್ಲಿರುವ ದೂರವಾಣಿಯಲ್ಲಾಗಲಿ ಶಾಲೆಗೆ ಕಳುಹಿಸಿರಿ. ಇಂದಿನ ಮಕ್ಕಳು ಅವನ್ನು ಗಟ್ಟಿಯಾಗಿ ಓದಲಿ. ಮಾತ್ರೆ ತಪ್ಪಿದ್ದರೆ ಅವರೇ ತಿದ್ದಲಿ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಕನ್ನಡ ಓದಲು ಬಾರದವರಾಗಿದ್ದರೆ, ಸಮಸ್ಯೆಯನ್ನು ಅವರಿಗೆ ಬಾಯಲ್ಲಿ ಹೇಳಿ, ಪ್ರಾಸಕ್ಕೊಂದು ಪದ ಕೇಳಿರಿ. ಒಂದೇ ಒಂದು ಪದ ಸಿಕ್ಕರೂ ಅಂದಿನ ಪಾಠ ಸಾರ್ಥಕ.

 ಇಂದು ನಮ್ಮ ಶಾಲೆಯಲ್ಲಿ ಅಕ್ಷರ ತಿದ್ದುತ್ತಿರುವ ಮಕ್ಕಳಿಗೆ ನನ್ನ ಆಶೀರ್ವಾದಗಳು. ಮುಂದಿನ ಸಾಲುಗಳನ್ನು ಪೂರೈಸಬೇಕಾದವರು ಅವರು.